ಕೋಳಿ ಸತ್ತರೆ ಮೊದಲು ಪಶುವೈದ್ಯರಿಗೆ ತಿಳಿಸಿ

ನಿನ್ನೆ ಸಂಜೆ ಹಿತ್ತಲಿನಲ್ಲಿ ಕಾಳು ಹೆಕ್ಕುತ್ತಿದ್ದ ನಾಲ್ಕಾರು ನಾಟಿ ಕೋಳಿಗಳು ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿದ್ದರೆ ನೀವೇನು ಮಾಡುತ್ತೀರಿ? ಕೆಲವರು ಸತ್ತವನ್ನು ನಾಲೆಗೆ ಎಸೆಯುತ್ತಾರೆ. ತೂಕಡಿಸುತ್ತಿರುವ ಉಳಿದವನ್ನು ಕೊಯ್ದು ಸಾರು ಮಾಡುತ್ತಾರೆ, ಇಲ್ಲವೇ ಸಂತೆಗೆ ಒಯ್ಯುತ್ತಾರೆ. ಬಂದಿರುವುದು ಹಕ್ಕಿಜ್ವರವಾಗಿದ್ದರೆ ಈ ಮೂರೂ ಅಪಾಯಕರ.

ಹಕ್ಕಿಜ್ವರ ನಮಗೆ ದೂರದ ಮಾತಲ್ಲ. 2017ರ ಜನವರಿಯಲ್ಲಿ ಈ ರೋಗದಿಂದಾಗಿ ಮೈಸೂರು ಮೃಗಾಲಯವನ್ನು ಸುಮಾರು ಒಂದು ತಿಂಗಳು ಮುಚ್ಚಲಾಗಿತ್ತು. 2020ರ ಮಾರ್ಚಿಯಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ರೋಗ ದೃಢಪಟ್ಟು, ಸುತ್ತಲಿನ ಕೋಳಿಗಳನ್ನು ಕೊಲ್ಲಬೇಕಾಯಿತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಲ್ಲಿ ಕೆರೆಯ ನೀರುಹಕ್ಕಿಗಳೂ ಮನೆಯ ಕೋಳಿಗಳೂ ಒಂದೇ ಬಯಲಿನಲ್ಲಿ ಮೇಯುವುದುಂಟು. ಕಾಡುಹಕ್ಕಿಯ ಹಿಕ್ಕೆಯಿಂದ ವೈರಸ್ ಕೋಳಿಗೆ ತಗಲಬಹುದು.

ಕೊಕ್ಕರೆ ರೋಗದಲ್ಲೂ ಕೋಳಿಗಳು ಹೀಗೆಯೇ ಸಾಯುತ್ತವೆ. ಕಣ್ಣಿನಿಂದ ನೋಡಿ ಇಂಥದೇ ರೋಗವೆಂದು ಹೇಳಲಾಗದು. ಆದ್ದರಿಂದ ಪಶುವೈದ್ಯರು ಮಾದರಿ ಸಂಗ್ರಹಿಸಿ ಪರೀಕ್ಷೆಗೆ ಕಳುಹಿಸುತ್ತಾರೆ. ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯ ರೋಗವನ್ನು ಖಚಿತಪಡಿಸುತ್ತದೆ. ಖಚಿತವಾದರೆ ಸುತ್ತ 1 ಕಿ.ಮೀ. ಒಳಗಿನ ಸಾಕುಹಕ್ಕಿಗಳನ್ನು ಕೊಂದು, ಗುಂಡಿ ತೋಡಿ, ಸುಣ್ಣ ಹಾಕಿ ಹೂಳುತ್ತಾರೆ. 10 ಕಿ.ಮೀ.ವರೆಗೆ ನಿಗಾ ಇಡುತ್ತಾರೆ. ಮೈತುಂಬ ರಕ್ಷಣಾ ಉಡುಪು ತೊಟ್ಟು ಈ ಕೆಲಸ ಮಾಡುವ ಸಿಬ್ಬಂದಿಯ ಆರೋಗ್ಯವನ್ನು ಆರೋಗ್ಯ ಇಲಾಖೆ ಕೆಲವು ದಿನ ಗಮನಿಸುತ್ತದೆ. ಏಕೆಂದರೆ ಈ ರೋಗ ಮನುಷ್ಯರಿಗೆ ಅಂಟುವುದು ಅಪರೂಪವಾದರೂ ಅಂಟಿದರೆ ಪ್ರಾಣಾಂತಿಕವಾಗಬಲ್ಲದು. 2021ರಲ್ಲಿ ಹರಿಯಾಣದ ಬಾಲಕನೊಬ್ಬ ಇದರಿಂದ ದೆಹಲಿಯಲ್ಲಿ ಅಸುನೀಗಿದ.

'ವೈದ್ಯರಿಗೆ ಹೇಳಿದರೆ ಇರುವ ಕೋಳಿಯೂ ಹೋಗುತ್ತದೆ' ಎಂಬ ಅಂಜಿಕೆ ಸಹಜವೇ. ಆದರೆ ಸರ್ಕಾರ ಪರಿಹಾರ ಕೊಡುವುದು ತಾನು ಕೊಲ್ಲಿಸಿದ ಕೋಳಿಗಳಿಗೆ. ಅದಕ್ಕೆ ಮೊದಲೇ ಸತ್ತವಕ್ಕಲ್ಲ. ಮುಚ್ಚಿಟ್ಟರೆ ಕೋಳಿಯೂ ಹೋಗುತ್ತದೆ, ಪರಿಹಾರವೂ ಹೋಗುತ್ತದೆ.

ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ. ಕೋಳಿ ಮುಟ್ಟಿದವರಿಗೆ ಜ್ವರ, ಕೆಮ್ಮು ಕಾಣಿಸಿದರೆ ವೈದ್ಯರ ಬಳಿ ಹೋಗಿ, ಕೋಳಿ ಸತ್ತ ವಿಷಯವನ್ನೂ ಹೇಳಿ.

ಕೋಳಿ ತಿನ್ನುವುದನ್ನೇ ಬಿಡಬೇಕಾಗಿಲ್ಲ. 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ವೈರಸ್ ಸಾಯುತ್ತದೆ. ನಮ್ಮ ಸಾರು ಅದಕ್ಕಿಂತ ಹೆಚ್ಚೇ ಕುದಿಯುತ್ತದೆ. ಮಾಂಸ, ಮೊಟ್ಟೆ ಪೂರ್ತಿ ಬೇಯಲಿ. ಹಸಿ ಮಾಂಸ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ. ಕಾಯಿಲೆ ಬಿದ್ದ ಕೋಳಿಯನ್ನು ಮಾತ್ರ ಕೊಯ್ಯಲೇಬೇಡಿ.