ಹಳೆಯ ಚಿನ್ನದ ನಾಣ್ಯ: ಕರಗಿಸುವ ಮುಂಚೆ ತಿರುಗಿಸಿ ನೋಡಿ

ಕೆಲವು ಮನೆಗಳಲ್ಲಿ ಅಜ್ಜಿಯ ಕಾಲದ ಕಾಸಿನ ಸರ ಇರುತ್ತದೆ. ಕೆಲವರ ಪೆಟ್ಟಿಗೆಯಲ್ಲಿ ಒಂದೋ ಎರಡೋ ಚಿನ್ನದ ನಾಣ್ಯ ಇರುತ್ತದೆ. ಮದುವೆಗೋ ಆಸ್ಪತ್ರೆ ಖರ್ಚಿಗೋ ದುಡ್ಡು ಬೇಕಾದಾಗ ಅದು ಹೊರಗೆ ಬರುತ್ತದೆ. ಅಂಗಡಿಯವರು ತಕ್ಕಡಿಗೆ ಹಾಕುತ್ತಾರೆ. "ಇಷ್ಟು ಗ್ರಾಂ, ಇಷ್ಟು ರೂಪಾಯಿ" ಅಂತಾರೆ. ನಾವು ಎಣಿಸಿಕೊಂಡು ಬರ್ತೀವಿ. ನಾಣ್ಯ ಕರಗಿ ಬಳೆಯಾಗುತ್ತದೆ.

ಅಂಗಡಿಯವರು ಮೋಸ ಮಾಡಿದರು ಅಂತಲ್ಲ. ಅವರು ಚಿನ್ನಕ್ಕೆ ಬೆಲೆ ಕಟ್ಟಿದರು. ನಾಣ್ಯಕ್ಕೆ ಕಟ್ಟಲಿಲ್ಲ.

ಮೊದಲು ಚಿನ್ನದ ಲೆಕ್ಕ ತಿಳಿಯೋಣ. ಬ್ರಿಟಿಷರ ಕಾಲದ ಸವರನ್ ನಾಣ್ಯ 7.98 ಗ್ರಾಂ ತೂಗುತ್ತದೆ. ಅದು 22 ಕ್ಯಾರೆಟ್ ಚಿನ್ನ. ಅಂದರೆ ಅದರಲ್ಲಿ ಅಪ್ಪಟ ಚಿನ್ನ 7.32 ಗ್ರಾಂ. ಆ ದಿನದ ಅಪ್ಪಟ ಚಿನ್ನದ ದರದಿಂದ ಇದನ್ನು ಗುಣಿಸಿ. ಅದೇ ತೂಕದ ಬೆಲೆ. ಅಂಗಡಿಯವರು ಅದರಲ್ಲಿ ಕಳೆದರೆ ಎಷ್ಟು, ಯಾಕೆ ಅಂತ ಕೇಳಿ.

ಇದಕ್ಕಿಂತ ಹೆಚ್ಚು ಯಾರು ಕೊಡ್ತಾರೆ? ನಾಣ್ಯ ಕೂಡಿಡುವ ಹವ್ಯಾಸದವರು ಕೊಡ್ತಾರೆ. ಅವರಿಗೆ ಬೇಕಾದ್ದು ಅಪರೂಪದ ನಾಣ್ಯ. ಸವರನ್ನಿನ ಒಂದು ಮುಖದಲ್ಲಿ ರಾಜ ಅಥವಾ ರಾಣಿ. ಇನ್ನೊಂದರಲ್ಲಿ ಸಾಮಾನ್ಯವಾಗಿ ಕುದುರೆ ಏರಿದ ವೀರ, ಕೆಳಗೆ ಇಸವಿ. ಇಸವಿಯ ಮೇಲೆ ಒಂದು ಪುಟ್ಟ ಇಂಗ್ಲಿಷ್ ಅಕ್ಷರ ಇರಬಹುದು. ಅದು ಟಂಕಸಾಲೆಯ ಗುರುತು. 1918ರಲ್ಲಿ ಮುಂಬೈಯಲ್ಲೂ ಸವರನ್ ಅಚ್ಚಾಯಿತು. ಅದರ ಗುರುತು 'ಐ', ನಿಂತ ಗೀಟಿನ ಹಾಗೆ. 1917ರ ಸವರನ್ ನೋಡಿ. ಅಕ್ಷರ ಇದ್ದರೆ ಅದು ಬೇರೆ ದೇಶದ ಟಂಕಸಾಲೆಯದು, ಸಿಗುವಂಥದ್ದು. ಅಕ್ಷರ ಇಲ್ಲದಿದ್ದರೆ ಲಂಡನ್ನಿನದು, ಬಹಳ ಅಪರೂಪ. ತೂಕ ಎರಡಕ್ಕೂ ಒಂದೇ! ಹಾಗಂತ ಹಿಗ್ಗಬೇಡಿ. ಅದರ ನಕಲಿಯೂ ಬಂದಿದೆ.

ನಮ್ಮ ನಾಡಿನ ವರಾಹದ ಕಥೆ ಇನ್ನೂ ಚೆನ್ನಾಗಿದೆ. ವರಾಹ ಸುಮಾರು 3.4 ಗ್ರಾಂ ತೂಗುತ್ತದೆ. ಇಕ್ಕೇರಿ ನಾಯಕರ ವರಾಹದಲ್ಲಿ ಶಿವ ಪಾರ್ವತಿ ಕೂತಿದ್ದಾರೆ. ಹೈದರಾಲಿಯೂ ಅದೇ ಚಿತ್ರ ಉಳಿಸಿಕೊಂಡ. ಮುಮ್ಮಡಿ ಕೃಷ್ಣರಾಜ ಒಡೆಯರೂ ಅದೇ ಚಿತ್ರ ಹಾಕಿಸಿದರು. ಹಾಗಾದರೆ ಯಾರದು ಅಂತ ಹೇಗೆ ತಿಳಿಯೋದು? ಹಿಂದೆ ತಿರುಗಿಸಬೇಕು. ಇಕ್ಕೇರಿಯವರದ್ದರಲ್ಲಿ ನಾಗರಿ ಅಕ್ಷರದಲ್ಲಿ 'ಶ್ರೀ ಸದಾಶಿವ' ಎಂದಿದೆ. ಹೈದರನದ್ದರಲ್ಲಿ ಅವನ ಹೆಸರಿನ ಮೊದಲ ಅಕ್ಷರ, ಪಾರಸಿ ಲಿಪಿಯಲ್ಲಿ. ಒಡೆಯರದ್ದರಲ್ಲಿ 'ಶ್ರೀ ಕೃಷ್ಣರಾಜ'. ಬೆಲೆ ಗೊತ್ತಾಗುವ ಮುಂಚೆ ಇದು ಗೊತ್ತಾಗಬೇಕು.

ಹಳೆಯದೆಲ್ಲ ದುಬಾರಿ ಅಂದುಕೊಳ್ಳಬೇಡಿ. 'ಹಣ' ಎಂಬ ಪುಟಾಣಿ ಚಿನ್ನದ ನಾಣ್ಯ ಅರ್ಧ ಗ್ರಾಮೂ ತೂಗದು. ನೂರಾರು ವರ್ಷ ಹಳೆಯದು. ಆದರೂ ಕೆಲವು ಬಗೆಯವು ಬೇಕಾದಷ್ಟು ಸಿಗುತ್ತವೆ. ರಾಮಟಂಕಿ ನಾಣ್ಯವೇ ಅಲ್ಲ, ಪೂಜೆಗೆ ಇಡುವ ಬಿಲ್ಲೆ. "ಇದಕ್ಕೆ ಕೋಟಿ ಬರುತ್ತೆ, ಮೊದಲು ಸ್ವಲ್ಪ ಮುಂಗಡ ಕಟ್ಟಿ" ಅಂತ ಬರುವವರನ್ನು ಬಾಗಿಲಲ್ಲೇ ಕಳಿಸಿಬಿಡಿ.

ನಾಣ್ಯದ ಮೈ ಹೇಗಿದೆ ಅನ್ನೋದೂ ಮುಖ್ಯ. ಅಕ್ಷರ ಸವೆದಿದ್ದರೆ ಬೆಲೆ ಇಳಿಯುತ್ತದೆ. ಸರಕ್ಕೆ ಪೋಣಿಸಲು ಕುಣಿಕೆ ಬೆಸೆದಿದ್ದರೆ ಇನ್ನೂ ಇಳಿಯುತ್ತದೆ. ಕಾಸಿನ ಸರದ ಎಷ್ಟೋ ಕಾಸುಗಳಿಗೆ ತೂಕದ ಬೆಲೆ ಮಾತ್ರ ಬರುವುದು ಇದಕ್ಕೇ. ಸರದ ಕಾಸುಗಳಲ್ಲಿ ಆಚಾರಿಗಳು ನಾಣ್ಯದ ಹಾಗೆ ಅಚ್ಚು ಹಾಕಿದ್ದೂ ಉಂಟು. ಚಿನ್ನವೇ ಇರಬಹುದು, ಆದರೆ ಟಂಕಸಾಲೆಯದಲ್ಲ. ಮನೆಯಲ್ಲಿ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬೇಡಿ. ಹೊಳಪು ಬರುತ್ತೆ, ಬೆಲೆ ಹೋಗುತ್ತೆ. ಅಂಚು ಹಿಡಿದು ಎತ್ತಿ. ಮೆತ್ತನೆ ಬಟ್ಟೆಯಲ್ಲಿ ಬೇರೆಬೇರೆಯಾಗಿ ಸುತ್ತಿಡಿ.

ಮಾರುವ ಮುಂಚೆ ಎರಡೂ ಮುಖದ ಫೋಟೋ ತೆಗೆಸಿ. ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ತೋರಿಸಿ, ಯಾವ ರಾಜನದು ಅಂತ ಕೇಳಿ. ಬೆಲೆಯನ್ನು ಇಬ್ಬರು ಮೂವರು ನಾಣ್ಯ ವ್ಯಾಪಾರಿಗಳ ಹತ್ತಿರ ಕೇಳಿ. ನಾಣ್ಯವನ್ನು ಅವರ ಹತ್ತಿರ ಬಿಟ್ಟು ಬರಬೇಡಿ.

ಹೊಲ ಉಳುವಾಗಲೋ ಪಾಯ ತೋಡುವಾಗಲೋ ಸಿಕ್ಕಿದ ನಾಣ್ಯದ ಮಾತು ಬೇರೆ. ಅದು ನಿಧಿ. ಕಾನೂನಿನಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮುಚ್ಚಿಟ್ಟರೆ ಶಿಕ್ಷೆ ಇದೆ. ನೂರು ವರ್ಷ ದಾಟಿದ ನಾಣ್ಯ ಮನೆಯದೇ ಆದರೂ 1972ರ ಕಾಯಿದೆ ಪ್ರಕಾರ ಹೊರದೇಶಕ್ಕೆ ಮಾರುವಂತಿಲ್ಲ.