ಬೀರುವಿನಲ್ಲಿರುವ ರೇಷ್ಮೆ ಸೀರೆ: ಒಂದು ಲೆಕ್ಕ

ಮದುವೆಗೆ, ಗೃಹಪ್ರವೇಶಕ್ಕೆ, ಸೀಮಂತಕ್ಕೆ ಎಂದು ಕೊಂಡ ರೇಷ್ಮೆ ಸೀರೆ ಆಮೇಲೆ ಎಷ್ಟು ಸಲ ಮೈಮೇಲೆ ಬರುತ್ತದೆ? 25,000 ರೂಪಾಯಿಯ ಸೀರೆಯನ್ನು 15 ವರ್ಷದಲ್ಲಿ ಐದು ಸಲ ಉಟ್ಟರೆ ಸಲಕ್ಕೆ 5,000 ರೂಪಾಯಿ ಬಿತ್ತು. ಕೊಂಡಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ನಮ್ಮ ಮನೆಗಳಲ್ಲಿ ಸೀರೆ ಬರೀ ಬಟ್ಟೆಯಲ್ಲ, ಕೊಟ್ಟವರ ಮನಸ್ಸೂ ಅದರೊಂದಿಗೆ ಬಂದಿರುತ್ತದೆ. ನನ್ನ ಕಾಳಜಿ ಉಡದೇ ಇಟ್ಟ ಸೀರೆಗಳ ಬಗ್ಗೆ. ಅವು ವರ್ಷ ವರ್ಷ ಬೆಲೆ ಕಳೆದುಕೊಳ್ಳುತ್ತವೆ. ಕೊನೆಗೆ ಯಾವಾಗಲೋ ಜರಿಯ ತೂಕಕ್ಕೆ ಹೋಗಿಬಿಡುತ್ತವೆ. ಕೈಬಿಡುವ ದಾರಿಗಳಲ್ಲೆಲ್ಲ ಅತಿ ಕಡಿಮೆ ಹಣ ಬರುವ ದಾರಿ ಅದೇ.

ಒಂದು ಮೈಸೂರು ಸಿಲ್ಕ್ ಸೀರೆಯನ್ನೇ ತೆಗೆದುಕೊಳ್ಳಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದ ಕಾರ್ಖಾನೆಯ ಪರಂಪರೆಯ ಈ ಕ್ರೇಪ್ ಸೀರೆ ಸುಮಾರು 500 ಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳೋಣ. ಜರಿ ಕಳೆದರೆ ಉಳಿಯುವುದು 460 ಗ್ರಾಂನಷ್ಟು ರೇಷ್ಮೆ. ಕಚ್ಚಾ ರೇಷ್ಮೆಯ ಅಂಟು ಬಿಡಿಸುವಾಗ ಸುಮಾರು ಕಾಲು ಭಾಗ ತೂಕ ಹೋಗುತ್ತದೆ. ಆದ್ದರಿಂದ ಇದಕ್ಕೆ 600 ಗ್ರಾಂ ಕಚ್ಚಾ ರೇಷ್ಮೆ ಬೇಕು. ಒಂದು ಕಿಲೋ ಕಚ್ಚಾ ರೇಷ್ಮೆಗೆ 7 ಕಿಲೋ ಗೂಡು ಎಂದು ಹಿಡಿದರೆ 4.2 ಕಿಲೋ ಗೂಡಾಯಿತು. ಅಂದರೆ ಸುಮಾರು 2,500 ಗೂಡು. ಅಷ್ಟು ಹುಳು ಮೇಯಲು 60 ಕಿಲೋಗೂ ಹೆಚ್ಚು ಹಿಪ್ಪುನೇರಳೆ ಸೊಪ್ಪು. ಒಂದು ಗೂಡಿನಿಂದ ಬಿಚ್ಚುವ ಎಳೆ 800 ಮೀಟರಿನಷ್ಟಿರುತ್ತದೆ. 2,500 ಗೂಡಿನ ಎಳೆಯನ್ನು ಒಂದಕ್ಕೊಂದು ಜೋಡಿಸಿದರೆ 2,000 ಕಿಲೋಮೀಟರ್. ಬೆಂಗಳೂರಿನಿಂದ ದೆಹಲಿಯ ಹತ್ತಿರಕ್ಕೆ ಹೋಗುತ್ತದೆ. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿಗೆ ಕಿಲೋಗೆ 600 ರೂಪಾಯಿ ಸಿಕ್ಕಿತು ಎಂದುಕೊಂಡರೂ ಈ ಇಡೀ ಸೀರೆಗೆ ಬೆಳೆಗಾರರ ಕೈಸೇರಿದ್ದು 2,520 ರೂಪಾಯಿ. ಇಷ್ಟು ಸೊಪ್ಪು, ಇಷ್ಟು ಜೀವ, ಇಷ್ಟು ದುಡಿಮೆ ನಮ್ಮ ಬೀರುವಿನ ಒಂದೊಂದು ಮಡಿಕೆಯಲ್ಲಿದೆ. ಅದು ಯಾರ ಮೈಮೇಲೂ ಬಾರದೆ ಕೊಳೆಯಬಾರದು ಎನ್ನುವುದಕ್ಕೆ ಈ ಲೆಕ್ಕವೇ ನನಗೆ ದೊಡ್ಡ ಕಾರಣ.

ಈಗ ಜರಿಗೆ ಬರೋಣ. ಮೈಸೂರು ಸಿಲ್ಕಿನ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಇರುತ್ತದೆ ಎಂದು ತಯಾರಕರೇ ಹೇಳುತ್ತಾರೆ. ಸಣ್ಣ ಅಂಚಿನ ಸೀರೆಯಲ್ಲಿ 35 ಗ್ರಾಂ ಜರಿ ಇದ್ದರೆ ಬೆಳ್ಳಿ 22.75 ಗ್ರಾಂ, ಚಿನ್ನ 0.2275 ಗ್ರಾಂ. 2025ರ ಮಧ್ಯದ ಆಸುಪಾಸಿನ ದರದಂತೆ ಬೆಳ್ಳಿ ಗ್ರಾಂಗೆ 100, ಚಿನ್ನ ಗ್ರಾಂಗೆ 10,000 ಎಂದು ಹಿಡಿಯಿರಿ. ಬೆಳ್ಳಿಯದು 2,275 ರೂಪಾಯಿ, ಚಿನ್ನದ್ದೂ ಸರಿಯಾಗಿ 2,275. ಒಟ್ಟು 4,550. ಆಮೇಲೆ ಎರಡರ ದರವೂ ಏರಿದೆ. ಹಾಗಾಗಿ ಮಾರುವ ದಿನದ ಬೆಳ್ಳಿ ದರವನ್ನು 0.65ರಿಂದ, ಚಿನ್ನದ ದರವನ್ನು 0.0065ರಿಂದ ಗುಣಿಸಿ ಕೂಡಿಸಿಕೊಳ್ಳಿ. ಒಂದು ಗ್ರಾಂ ಜರಿಯ ಬೆಲೆ ಸಿಗುತ್ತದೆ. ಮೇಲಿನ ದರದಲ್ಲಿ ನೋಡಿದರೆ 25,000 ಕೊಟ್ಟ ಸೀರೆಗೆ ಲೋಹದ ರೂಪದಲ್ಲಿ ಬರುವುದು ಶೇ. 18 ಮಾತ್ರ. ಅಗಲ ಅಂಚು, ತುಂಬು ಸೆರಗಿನ ಸೀರೆಯಾದರೆ ಲೆಕ್ಕ ಬೇರೆ. ಕಾಂಚೀಪುರದಲ್ಲಿ ಜರಿ ಮಾರುವುದು ಮಾರ್ಕ್ ಲೆಕ್ಕದಲ್ಲಿ. ಒಂದು ಮಾರ್ಕ್ ಎಂದರೆ 242 ಗ್ರಾಂ. ಒಂದು ಮಾರ್ಕ್ ಜರಿ ಹಿಡಿದ ಸೀರೆಯಲ್ಲಿ ಶೇ. 40ರಷ್ಟು ಬೆಳ್ಳಿ ಇದ್ದರೂ 97 ಗ್ರಾಂ ಆಗುತ್ತದೆ. ಅಂಥದ್ದನ್ನು ತೂಗದೆ ಕೊಡಲೇಬಾರದು.

ಆದರೆ ಬೀದಿಯಲ್ಲಿ ‘ಹಳೇ ಜರಿ ಸೀರೆ’ ಎಂದು ಕೂಗಿಕೊಂಡು ಬರುವವರ ಮುಂದೆ ಈ ಲೆಕ್ಕ ಯಾರೂ ಇಡುವುದಿಲ್ಲ. ವ್ಯಾಪಾರಿ ಮೊದಲು ಸೆರಗಿನ ಹಿಂಬದಿಯಿಂದ ಒಂದು ಎಳೆ ಕೀಳುತ್ತಾನೆ. ಉಗುರಿನಿಂದ ಅದರ ಮೇಲಿನ ಲೋಹದ ಸುತ್ತನ್ನು ಬಿಡಿಸುತ್ತಾನೆ. ಒಳಗೆ ಕೆಂಪು ಅಥವಾ ಅರಿಸಿನ ಬಣ್ಣದ ರೇಷ್ಮೆ ನೂಲು ಕಂಡರೆ ಸಾಮಾನ್ಯವಾಗಿ ಅಸಲಿ. ಬಿಳಿ ನೂಲು ಕಂಡರೆ ಅನುಮಾನ. ಆಮೇಲೆ ಬೆಂಕಿಕಡ್ಡಿ ಗೀರಿ ಸುಟ್ಟು ನೋಡುತ್ತಾನೆ. ‘ಅಮ್ಮಾ, ಇದು ಟೆಸ್ಟೆಡ್ ಜರಿ, ಬೆಳ್ಳಿ ಇಲ್ಲ’ ಎಂದು ಅವನು ಹೇಳಿದರೆ ನಿಜವೂ ಇರಬಹುದು, ಏಕೆಂದರೆ ತಾಮ್ರದ ತಂತಿಯ ಜರಿಯೂ ಪ್ಲಾಸ್ಟಿಕ್ ಜರಿಯೂ ಬೇಕಾದಷ್ಟು ಸೀರೆಗಳಲ್ಲಿವೆ. ಸಿಲ್ಕ್ ಮಾರ್ಕ್ ಚೀಟಿ ಇದೆಯಲ್ಲ ಎಂದು ವಾದಿಸಿ ಪ್ರಯೋಜನವಿಲ್ಲ. ಅದು ರೇಷ್ಮೆ ಶುದ್ಧ ಎಂದು ಹೇಳುತ್ತದೆಯೇ ಹೊರತು ಜರಿಯ ಬಗ್ಗೆ ಅಲ್ಲ. ಅಸಲಿ ಜರಿಯೇ ಆಗಿದ್ದರೂ ಬಾಗಿಲಲ್ಲಿ ನಡೆಯುವ ಮಾತು ಬೆಳ್ಳಿಯದ್ದು; ಚಿನ್ನದ ಅರ್ಧ ಪಾಲು ಮಾತಿಗೇ ಬರುವುದಿಲ್ಲ. ಸುಟ್ಟು ಕರಗಿಸುವ ಖರ್ಚು, ಸವಕಳಿ, ಅವನ ಲಾಭ ಎಲ್ಲ ಕಳೆದು 4,550ರ ಜಾಗದಲ್ಲಿ 1,500 ಕೈಗೆ ಬಂದರೆ ಅಚ್ಚರಿಪಡಬೇಕಿಲ್ಲ.

ಹಾಗಾದರೆ ಇಟ್ಟುಕೊಂಡೇ ಇರೋಣ ಎನ್ನುವವರು ಇಟ್ಟುಕೊಳ್ಳುವ ಖರ್ಚನ್ನೂ ನೋಡಬೇಕು. ಬಾಗಿಲು ತೆರೆಯುವ ಜಾಗ ಸೇರಿ ಬೀರು ಹತ್ತು ಚದರಡಿ ಹಿಡಿಯುತ್ತದೆ. ಬೆಂಗಳೂರಿನಲ್ಲಿ ಬಾಡಿಗೆ ಚದರಡಿಗೆ ತಿಂಗಳಿಗೆ 30 ರೂಪಾಯಿ ಆದರೆ ವರ್ಷಕ್ಕೆ 3,600. ಮೂವತ್ತು ಸೀರೆಗೆ ಹಂಚಿದರೆ ತಲಾ 120. ಎರಡು ವರ್ಷಕ್ಕೊಮ್ಮೆ 300 ಕೊಟ್ಟು ಪಾಲಿಶ್ ಮಾಡಿಸಿದರೆ ವರ್ಷಕ್ಕೆ 150. ಇವತ್ತು ಮಾರಿದರೆ 10,000 ಬರುವಂಥ ಸೀರೆಯ ಮೇಲೆ ಶೇ. 6ರ ಬಡ್ಡಿ 600. ಒಟ್ಟು 870 ರೂಪಾಯಿ. ಉಡದ ಸೀರೆ ಹತ್ತಿದ್ದರೆ ವರ್ಷಕ್ಕೆ 8,700. ಮಡಿಕೆಯ ಜಾಗದಲ್ಲಿ ಸೀಳುವುದು, ಜರಿ ಕಪ್ಪಾಗುವುದು ಇದರಲ್ಲಿ ಸೇರಿಲ್ಲ. ನಿಜವಾದ ನಷ್ಟ ಅಲ್ಲೇ ಇದೆ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಜರಿಯ ತಂತಿ ರೇಷ್ಮೆಯನ್ನು ಕುಯ್ಯುತ್ತದೆ. ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದರೆ ಉದ್ದಕ್ಕೂ ಕೂದಲೆಳೆಯಂಥ ಗೆರೆ ಕಾಣುತ್ತದೆ. ಆ ಗೆರೆ ಬಿದ್ದ ಮೇಲೆ ಅದನ್ನು ಸೀರೆಯಾಗಿ ಕೊಳ್ಳುವವರು ಸಿಗುವುದು ಕಷ್ಟ.

ಆದ್ದರಿಂದ ಇಡಿಯಾಗಿರುವಾಗಲೇ ದಾಟಿಸಬೇಕು. ಹಳೆಯ ಸೀರೆ ಮಾರಿಕೊಡುವವರು ಈಗ ಇನ್‌ಸ್ಟಾಗ್ರಾಂನಲ್ಲೂ ವಾಟ್ಸಾಪ್ ಗುಂಪುಗಳಲ್ಲೂ ಇದ್ದಾರೆ. 25,000ದ ಸೀರೆ 10,000ಕ್ಕೆ ಹೋಯಿತು, ಕಮಿಷನ್ ಶೇ. 20 ಎಂದು ಹಿಡಿದರೆ 2,000 ಕಳೆಯಿತು. ಡ್ರೈಕ್ಲೀನಿಗೆ 400, ಕೊರಿಯರಿಗೆ 200. ಉಳಿದದ್ದು 7,400. ಬಾಗಿಲಿಗೆ ಬಂದವನು ಕೊಡುವ 1,500ರ ಸುಮಾರು ಐದು ಪಟ್ಟು. ಬಿಲ್ ಇದ್ದರೆ, ಮೈಸೂರು ಸಿಲ್ಕಿನ ಸೀರೆಗೆ ಕೊಡುವ ಕ್ರಮಸಂಖ್ಯೆ ಮತ್ತು ಹೊಲೊಗ್ರಾಂ ಹಾಗೆಯೇ ಇದ್ದರೆ, ಚೌಕಾಸಿಗೆ ಬಲ ಬರುತ್ತದೆ. ರವಿಕೆ ಕಣ ಕತ್ತರಿಸದೆ ಉಳಿದಿದ್ದರೆ ಇನ್ನೂ ಒಳ್ಳೆಯದು. ಕೊಳ್ಳುವವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.

ಇದಕ್ಕೂ ಹೆಚ್ಚು ಬೆಲೆ ಬರುವ ದಾರಿ ಮನೆಯೊಳಗೇ ಇದೆ, ಲೆಕ್ಕಕ್ಕೆ ಮಾತ್ರ ಯಾರೂ ಹಿಡಿಯುವುದಿಲ್ಲ. ಅಕ್ಕನ ಮಗಳ ಮದುವೆ ಗೊತ್ತಾಗಿದೆ ಎನ್ನಿ. ಧಾರೆಗೆ ಹೊಸದೇ ಆಗಬೇಕು ಎನ್ನುವ ಮನೆಗಳಲ್ಲೂ ಚಪ್ಪರದ ಪೂಜೆಗೆ, ಬೀಗರೂಟಕ್ಕೆ, ಮದುವೆಯ ನಂತರದ ಹಬ್ಬಗಳಿಗೆ ಸೀರೆ ಬೇಕೇ ಬೇಕು. ಹೀಗೆ ಕೊಳ್ಳಬೇಕಾದ 20,000ದ ಎರಡು ಸೀರೆಗಳ ಬದಲು ಚಿಕ್ಕಮ್ಮನ ಬೀರುವಿನಿಂದ ಎರಡು ಹೋದರೆ ಕುಟುಂಬಕ್ಕೆ ಉಳಿದದ್ದು 40,000. ಅವೇ ಎರಡನ್ನು ಹೊರಗೆ ಮಾರಿದ್ದರೆ ಬರುತ್ತಿದ್ದದ್ದು 14,800. ಕೈಗೆ ನೋಟು ಬರಲಿಲ್ಲ ನಿಜ, ಆದರೆ ಖರ್ಚು ನಿಂತಿತು. ಜೊತೆಗೆ 5,000 ಗೂಡಿನ ಹೊಸ ರೇಷ್ಮೆ ಬೇಕಾಗಲಿಲ್ಲ. ಒಂದೇ ಷರತ್ತು: ಕೊಡುವವರು ಕೇಳಿ ಕೊಡಬೇಕು, ಹುಡುಗಿಯೇ ಆರಿಸಿಕೊಳ್ಳಬೇಕು. ಹಿರಿಯರು ಹೇರಿದ ಸೀರೆ ಇನ್ನೊಂದು ಬೀರುವಿಗೆ ಹೋಗಿ ಕೂರುತ್ತದೆ, ಲೆಕ್ಕದಲ್ಲಿ ಏನೂ ಬದಲಾಗುವುದಿಲ್ಲ.

ಒಡಲು ಹರಿದು ಅಂಚು ಗಟ್ಟಿಯಾಗಿರುವ ಸೀರೆಗೆ ಅಂಚನ್ನು ಕಿತ್ತು ಹೊಸ ಬಟ್ಟೆಗೆ ಹಾಕಿಸುವ ದರ್ಜಿಗಳಿದ್ದಾರೆ. ಮಗುವಿಗೆ ಲಂಗವನ್ನೂ ಹೊಲಿಸಬಹುದು. ಅಸಲಿ ಜರಿಯ ಅಂಚನ್ನು ಕುಷನ್ ಕವರಿಗೆ ಹಾಕಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಬೆಳ್ಳಿಯೂ ಕೈಗೆ ಬರುವುದಿಲ್ಲ, ಉಡಲೂ ಆಗುವುದಿಲ್ಲ. ಎರಡಕ್ಕೂ ಬಾರದ್ದನ್ನು ಜರಿಗೆ ಹಾಕುವುದಾದರೆ ಅಂಚು, ಸೆರಗು ಬೇರೆ ಮಾಡಿ ಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿಕೊಂಡು, ಎರಡು ಅಂಗಡಿಯಲ್ಲಾದರೂ ವಿಚಾರಿಸಿ ಕೊಡಿ.

ಧಾರೆ ಸೀರೆ, ಅಜ್ಜಿಯ ಸೀರೆ ಹೀಗೆ ಎರಡೋ ಮೂರೋ ಈ ಲೆಕ್ಕದ ಹೊರಗೆ ಇರಲಿ. ಅವನ್ನು ನುಣ್ಣನೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ನುಸಿಗುಳಿಗೆ ಜರಿಗೆ ತಾಗದಂತೆ ಇಡಿ. ಉಳಿದವನ್ನು ಮಾರುವ ಯೋಚನೆಯಿದ್ದರೆ ಆಷಾಢದಲ್ಲಿ ಹೊರತೆಗೆಯಬೇಡಿ. ಆಗ ಹೊಸ ಸೀರೆಗೇ ಅಂಗಡಿಗಳಲ್ಲಿ ರಿಯಾಯಿತಿ ಇರುತ್ತದೆ, ಹಳೆಯದನ್ನು ಕೇಳುವವರು ಕಡಿಮೆ. ಶ್ರಾವಣ ಹುಟ್ಟಿದ ಮೇಲೆ, ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಫೋಟೊ ಹಾಕಿದರೆ ಒಳ್ಳೆಯ ಬೆಲೆಗೆ ಹೋಗುತ್ತದೆ.