ನೋವಿನ ಮಾತ್ರೆ ಜೊತೆ ವಿಟಮಿನ್ ನುಂಗಿದರೆ ವಿಷವಾಗುತ್ತದೆಯೇ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕಾಯಿ ಸುಲಿದು ಸೊಂಟ ಹಿಡಿದವರು ನೋವಿನ ಮಾತ್ರೆ ಜೊತೆ ಬಿ-ಕಾಂಪ್ಲೆಕ್ಸ್ ನುಂಗುವುದುಂಟು. ಎರಡೂ ಸೇರಿದರೆ ವಿಷವೇ?

ನಮ್ಮ ಉತ್ತರ: ಇಲ್ಲ. ಪ್ಯಾರಾಸಿಟಮಾಲ್ ಜೊತೆ ಮಾಮೂಲಿ ಪ್ರಮಾಣದ ಬಿ-ಕಾಂಪ್ಲೆಕ್ಸ್‌ನಿಂದ ಅಪಾಯವಿಲ್ಲ. ಎಚ್ಚರ ಬೇಕಿರುವುದು ಬೇರೆ ಎರಡು ಕಡೆ.

ಒಂದು, ಆಸ್ಪಿರಿನ್ ಮತ್ತು ವಿಟಮಿನ್ ಇ. ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಹೆಚ್ಚು ಪ್ರಮಾಣದ ವಿಟಮಿನ್ ಇ ಕೂಡ ಸೇರಿದರೆ ರಕ್ತಸ್ರಾವದ ಸಾಧ್ಯತೆ ಹೆಚ್ಚಬಹುದು. ಹೃದಯಕ್ಕೆಂದು ದಿನಾ ಆಸ್ಪಿರಿನ್ ತೆಗೆದುಕೊಳ್ಳುವವರು ಅದನ್ನು ತಾವಾಗಿಯೇ ನಿಲ್ಲಿಸದೆ, ವೈದ್ಯರನ್ನು ಕೇಳಿ.

ಎರಡು, ಸೊಂಟನೋವಿನ ಎಷ್ಟೋ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಮೊದಲೇ ಸೇರಿರುತ್ತದೆ. ಜ್ವರಕ್ಕೆಂದು ಇನ್ನೊಂದು ನುಂಗಿದರೆ ಲೆಕ್ಕ ತಪ್ಪುತ್ತದೆ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಿದರೆ ಲಿವರ್‌ಗೆ ಹಾನಿಯಾಗಬಹುದು. ಕುಡಿತದ ಅಭ್ಯಾಸವಿದ್ದರೆ ಅದಕ್ಕಿಂತ ಕಡಿಮೆಗೇ.

ಫಾರ್ವರ್ಡ್ ಮಾಡುವ ಮೊದಲು ಸ್ಟ್ರಿಪ್‌ನ ಹಿಂಬದಿ ಓದೋಣ.